ಕಾಲುವೆಯ ಕೊನೆಯ ಹೊಲಗಳ ಬಗ್ಗೆ, ಮಳೆಗೆ ಮೊದಲು

ಪ್ರಾಂತೀಯ ಭೂಬಳಕೆ ಯೋಜನಾ ಇಲಾಖೆಯ ನಿರ್ದೇಶಕರಿಗೆ,

ಮಾನ್ಯರೇ,

ವಲೆನ್ಸಿಯಾದ ಮಗ್ಗುಲಲ್ಲಿರುವ ನಮ್ಮ ಬೆನಿಮೋರದ ಕೆಳಬಯಲನ್ನು ತಾವು ‘ದೀರ್ಘಕಾಲದಿಂದ ಸಾಗುವಳಿಯಿಲ್ಲದೆ ಪಾಳುಬಿದ್ದಿರುವ ಜಮೀನು’ ಎಂದು ಘೋಷಿಸಿದ್ದೀರಿ. ಅಲ್ಲಿ ಗೋದಾಮುಗಳನ್ನು ಕಟ್ಟಲು ಯಾವ ಅಡ್ಡಿಯೂ ಇಲ್ಲವೆಂದು ಒಪ್ಪಿಗೆಯನ್ನೂ ಕೊಟ್ಟಿದ್ದೀರಿ. ಈ ಸುದ್ದಿ ನನಗೆ ತಲುಪಿದಾಗ ನಾನು ಅದೇ ಪಾಳು ಜಮೀನಿನಲ್ಲಿ ಮೊಣಕಾಲೂರಿ ಎಲೆಕೋಸಿನ ಸಸಿ ನೆಡುತ್ತಿದ್ದೆ. ಸಾಗುವಳಿಯಿಲ್ಲದ ಕಡೆ ಬೆನ್ನು ಇಷ್ಟೊಂದು ನೋಯಬಾರದಿತ್ತು. ಇರಲಿ, ಬೆನ್ನು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

ನನ್ನ ದೂರು ಎರಡು. ಮೊದಲನೆಯದು: ಬಯಲು ತಾನಾಗಿ ಪಾಳುಬೀಳಲಿಲ್ಲ, ಅದನ್ನು ಬೀಳಿಸಲಾಯಿತು, ತಮ್ಮ ಇಲಾಖೆ ನೋಡುತ್ತಾ ಕುಳಿತಿತ್ತು. ಎರಡನೆಯದು ಇದಕ್ಕಿಂತ ಅವಸರದ್ದು. ಆ ಬಯಲಿನಲ್ಲಿ ತಮ್ಮ ಅನುಮತಿಯಿಂದ ಎದ್ದಿರುವ ಕಲ್ಲುಮಣ್ಣಿನ ದಿಬ್ಬ ಈಗ ನೀರಿನ ಹಾದಿಯನ್ನು ಪೂರಾ ಮುಚ್ಚಿದೆ. ಇದು ಸೆಪ್ಟೆಂಬರ್. ನಮ್ಮ ಕಡೆ ಅಕ್ಟೋಬರಿನ ಮಳೆ ಹೇಗೆ ಸುರಿಯುತ್ತದೆಂದು ತಮಗೆ ಗೊತ್ತಿದೆ, ತಾವೂ ಇದೇ ಪ್ರಾಂತ್ಯದವರು.

ನಾನು ರೆಮೆಯ್ ಫೆರಾಂದಿಸ್. ನಮ್ಮ ಹೊಲ ಕಾಲುವೆಯ ಕೊನೆಯಲ್ಲಿದೆ. ನನ್ನದರ ಪಕ್ಕದ್ದು ನಮ್ಮಣ್ಣ ನೆಲೊ ಮತ್ತು ಅವನ ಹೆಂಡತಿ ಕೊನ್ಸೋಲ್ ಅತ್ತಿಗೆಯದು. ಹೊಲದ ಅಂಚಿನಲ್ಲೇ ಅವರ ಮನೆ. ಅಣ್ಣ ಬಹಳ ಹಿಂದೆ ಟ್ರ್ಯಾಕ್ಟರ್ ಮಗುಚಿ ಸೊಂಟ ಮುರಿದುಕೊಂಡವನು, ಎರಡು ಊರುಗೋಲು ಹಿಡಿದು ನಡೆಯುತ್ತಾನೆ. ಉಳುವುದು, ಬಿತ್ತುವುದು, ಕೊಯ್ಲು, ಸಂತೆ, ಜಗಳ, ಎಲ್ಲವೂ ಅತ್ತಿಗೆಯದೇ. ಕೊನೆಯದರಲ್ಲಿ ಅವಳಿಗೆ ಸುತ್ತಮುತ್ತ ಸಾಟಿಯಿರಲಿಲ್ಲ. ಸಂತೆಯಲ್ಲಿ ಅವಳ ಪಕ್ಕ ಅಂಗಡಿ ಹಾಕಲು ಗಂಡಸರು ಹೆದರುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಬಯಲಿನ ನಡುಭಾಗದ ಹೊಲಗಳು ಮಾರಾಟವಾದವು. ಕೊಂಡದ್ದು ಒಂದು ಕಂಪನಿ ಎಂದು ತಿಳಿಯಿತೇ ಹೊರತು ಅದರ ಮುಖವನ್ನು ಯಾರೂ ಕಾಣಲಿಲ್ಲ. ಹೊಸ ಮಾಲೀಕರು ಟೊಮೇಟೊ ಹಾಕುತ್ತಾರೋ ಕಿತ್ತಳೆ ಹಾಕುತ್ತಾರೋ ಎಂದು ನಾವು ಕಾದೆವು. ಅವರು ಏನನ್ನೂ ಹಾಕಲಿಲ್ಲ. ಬೇಲಿಯನ್ನೂ ಹಾಕಲಿಲ್ಲ, ಬೋರ್ಡನ್ನೂ ನೆಡಲಿಲ್ಲ. ಮೊದಲ ವರ್ಷ ಕಳೆ ಬಂತು. ಆಮೇಲೆ ಕಳೆಯ ಬೀಜ ಗಾಳಿಯಲ್ಲಿ ನಮ್ಮ ಮಡಿಗಳಿಗೆ ಬಂತು. ಅದರ ಹಿಂದೆ ಇಲಿ, ಬಸವನಹುಳು. ಬಯಲಿನಲ್ಲಿ ಒಂದು ಹೊಲ ಬೀಳುಬಿದ್ದರೆ ಅಕ್ಕಪಕ್ಕದವರಿಗೆ ನಿದ್ದೆಯಿರುವುದಿಲ್ಲ. ಇಲ್ಲಿ ಸಾಲುಸಾಲಾಗಿ ಬಿದ್ದಿದ್ದವು.

ನಮ್ಮ ಕಾಲುವೆ ಅರಬರ ಕಾಲದಲ್ಲಿ ತೋಡಿದ್ದು. ಅದಕ್ಕೆ ಒಂದೇ ಕಟ್ಟಳೆ: ನಿನ್ನ ಹೊಲದ ಮುಂದಿನ ಕಾಲುವೆಯ ಹೂಳನ್ನು ನೀನು ತೆಗೆಯಬೇಕು. ಹಾಗೆ ಎಲ್ಲರೂ ತೆಗೆದರೆ ನೀರು ಕೊನೆಯವರೆಗೂ ಹರಿಯುತ್ತದೆ, ನಡುವೆ ಒಬ್ಬ ಕೈಕಟ್ಟಿ ಕೂತರೆ ಅಲ್ಲಿಗೇ ನಿಲ್ಲುತ್ತದೆ. ಕಂಪನಿ ಕೈಕಟ್ಟಿ ಕೂತಿತು. ಯಾವ ತೂಬನ್ನೂ ಮುಚ್ಚಲಿಲ್ಲ, ಯಾರನ್ನೂ ಬೆದರಿಸಲಿಲ್ಲ, ಒಂದು ಕಲ್ಲನ್ನೂ ಎಸೆಯಲಿಲ್ಲ. ಏನನ್ನೂ ಮಾಡದೆ ಒಂದು ಬಯಲನ್ನು ಕೊಲ್ಲಬಹುದೆಂಬುದನ್ನು, ಮಾನ್ಯರೇ, ನಾನು ಅಲ್ಲಿಯವರೆಗೆ ತಿಳಿದಿರಲಿಲ್ಲ. ಪೊಲೀಸರಿಗೆ ದೂರು ಕೊಡಲು ಹೋದರೆ ಏನೆಂದು ಹೇಳುವುದು? ‘ಸ್ವಾಮಿ, ಇವರು ಸುಮ್ಮನಿದ್ದಾರೆ’ ಎಂದೇ?

ಕಂಪನಿಯ ಪರವಾಗಿ ಒಬ್ಬ ಸಭ್ಯ ಮನುಷ್ಯ ಬರುತ್ತಿದ್ದ. ಪ್ರತಿಸಲವೂ ನಗರದ ಬೇಕರಿಯಿಂದ ಸಿಹಿತಿಂಡಿಯ ಪೊಟ್ಟಣ ತರುತ್ತಿದ್ದುದರಿಂದ ಊರು ಅವನಿಗೆ ಮಿಠಾಯಿ ಸಾಹೇಬ ಎಂದು ಹೆಸರಿಟ್ಟಿತ್ತು. ಒಂದು ಬೆಳಿಗ್ಗೆ ನಾನೂ ಅತ್ತಿಗೆಯೂ ಸಂತೆಗೆ ಕೋಸು ಕಟ್ಟುತ್ತಿದ್ದಾಗ ಬಂದ. ಮಣ್ಣು ತಾಗದಂತೆ ಬದುವಿನ ಮೇಲೆ ಹೆಜ್ಜೆಯಿಡುತ್ತಾ ಬಂದು, ಪೊಟ್ಟಣವನ್ನು ಕೋಸಿನ ಪೆಟ್ಟಿಗೆಯ ಮೇಲಿಟ್ಟ.

“ಏನ್ ಸಾಹೇಬ್ರೆ, ನಿಮ್ಮ ಹೊಲದ ಇಲಿಗಳು ಊಟಕ್ಕೆ ನಮ್ಮಲ್ಲಿಗೇ ಬರ್ತಾವೆ. ಅವುಗಳ ಊಟದ ಖರ್ಚು ಯಾರು ಕೊಡೋದು?” ಎಂದಳು ಅತ್ತಿಗೆ.

“ಈ ಹೊಲಾನೂ ನಮಗೇ ಕೊಟ್ಬಿಡಿ ಕೊನ್ಸೋಲಮ್ಮ. ಇಲಿ ಚಿಂತೆ ನಮ್ಮದಾಗುತ್ತೆ.”

“ಕೊಡಲ್ಲ ಅಂದ್ರೆ?”

“ಕೊಡಬೇಡಿ. ನಮಗೇನೂ ಅವಸರ ಇಲ್ಲ, ಕಾಯ್ತೀವಿ.”

“ಕಾಯೋವಾಗ ಆ ಕಾಲುವೆ ಹೂಳಾದ್ರೂ ತೆಗೆಸಿ. ಕೂತು ಬೇಜಾರಾಗಲ್ವಾ?”

“ನಾವು ನೀರೇ ಹಾಯಿಸಲ್ವಲ್ಲಮ್ಮ. ಬೇಕಾದೋರು ತೆಗೀಬೇಕು.”

“ಹಂಗಾದ್ರೆ ನಾವೇ ಬಂದು ತೆಗೀತೀವಿ.”

“ಅದು ನಮ್ಮ ಜಾಗ ಅಲ್ವಾ,” ಎಂದ ಅವನು. ದನಿ ಏರಿಸಲಿಲ್ಲ. ಕೋಸು ಚೆನ್ನಾಗಿ ಬಂದಿದೆ ಎಂದು ಹೊಗಳಿ, ಅಣ್ಣನ ಸೊಂಟದ ಬಗ್ಗೆ ವಿಚಾರಿಸಿ, ಬಂದ ಹಾಗೆಯೇ ಬದು ಹಿಡಿದು ಹೋದ. ಅತ್ತಿಗೆ ಪೊಟ್ಟಣವನ್ನು ಕೋಳಿಗಳ ಮುಂದೆ ಸುರಿದಳು. ಕೋಳಿಗಳೂ ಮೂಸಿ ನೋಡಿ ಮುಖ ತಿರುಗಿಸಿದವು ಎಂದು ಊರೆಲ್ಲ ಹೇಳಿಕೊಂಡು ಬಂದಳು. ಅದು ಸುಳ್ಳು. ಕೋಳಿಗಳು ಒಂದು ಚೂರನ್ನೂ ಬಿಡದೆ ತಿಂದವು.

ಆ ಬೇಸಿಗೆ ನೀರು ನಮ್ಮನ್ನು ಮುಟ್ಟಲಿಲ್ಲ. ಕಾಲುವೆಯ ನೀರು ಹಂಚುವ ನೀರಗಂಟಿ ಸೆಂತೊ ನಮ್ಮ ಸರದಿಯ ದಿನ ತೂಬು ಎತ್ತಿ, ನೀರಿನ ಜೊತೆಜೊತೆಗೇ ನಡೆದುಬಂದ. ಕಂಪನಿಯ ಹೊಲಗಳ ಮುಂದೆ ಆಳೆತ್ತರ ಬೆಳೆದ ಜೊಂಡಿನೊಳಗೆ ನೀರು ಹೊಕ್ಕಿತು, ಹೊರಗೆ ಬರಲಿಲ್ಲ. ಅವನು ನಮ್ಮ ಬದುವಿಗೆ ಬಂದು ಟೋಪಿ ತೆಗೆದು ನಿಂತ, ಸಾವಿನ ಮನೆಗೆ ಬಂದವರ ಹಾಗೆ. “ಬಿಟ್ಟಿದ್ದೀನಿ ಕಣಮ್ಮ, ಪೂರ್ತಿ ಬಿಟ್ಟಿದ್ದೀನಿ. ಜೊಂಡೇ ಕುಡಿದುಬಿಡ್ತು,” ಎಂದ. ಅರೆದು ಹಾಲು ತೆಗೆಯಲೆಂದು ಬೆಳೆದ ನಮ್ಮ ಚುಫಾ ಗೆಡ್ಡೆಯ ಹಸಿರೆಲ್ಲ ಜುಲೈಗೇ ಹಳದಿಗೆ ತಿರುಗಿತು. ಕೊನೆಯ ಹೊಲಗಳವರು ಒಬ್ಬೊಬ್ಬರಾಗಿ ಗುದ್ದಲಿ ಕೆಳಗಿಟ್ಟರು. ಒಣಗಿದ ಹೊಲಕ್ಕೆ ಮಿಠಾಯಿ ಸಾಹೇಬ ತಾನೇ ನಡೆದು ಹೋಗುತ್ತಿದ್ದ. ತಮ್ಮ ಪ್ರಕಟಣೆಯಲ್ಲಿ ‘ಮಾಲೀಕರು ಸ್ವಇಚ್ಛೆಯಿಂದ ಕೃಷಿ ತೊರೆದಿರುತ್ತಾರೆ’ ಎಂಬ ಒಂದು ವಾಕ್ಯವಿದೆ. ಅದನ್ನು ಬರೆದವರಿಗೆ ನನ್ನ ಅಭಿನಂದನೆ ತಿಳಿಸಿ. ಉಸಿರುಕಟ್ಟಿದವನು ಸ್ವಇಚ್ಛೆಯಿಂದ ಉಸಿರಾಟ ತೊರೆದ ಎಂದು ಬರೆಯಲು ಅವರ ಕೈ ನಡುಗುವುದಿಲ್ಲ.

ಊರಿನವರು ಸುಮ್ಮನೆ ಕೂತಿದ್ದೆವೆಂದು ತಿಳಿಯಬೇಡಿ. ಬೇಕರಿ ತೋನಿಕಾಳ ಹಿತ್ತಿಲಲ್ಲಿ ಸೇರಿ ಒಂದು ಕೂಟ ಮಾಡಿಕೊಂಡೆವು. ಉಳಲಾಗದವರು ಹೊಲವನ್ನು ಕೂಟಕ್ಕೆ ಬಿಟ್ಟುಕೊಡುವುದು, ಕೂಟ ಉಳುವುದು, ಒಬ್ಬರಿಗೊಬ್ಬರು ಹೇಳದೆ ಯಾರೂ ಮಾರಬಾರದು. ಇಷ್ಟೇ ಒಪ್ಪಂದ. ಚರ್ಚಿನ ಹೊಲ ಬಂತು, ತೋನಿಕಾಳ ಗಂಡನ ಪಾಲಿನದು ಬಂತು. ನಗರದಿಂದ ಇಬ್ಬರು ಹುಡುಗಿಯರು ಬೇಸಾಯ ಕಲಿಯುತ್ತೇವೆಂದು ಬಂದರು. ಅತ್ತಿಗೆ ಅವರ ಕೈ ಹಿಡಿದು ಅಂಗೈ ಸವರಿ ನೋಡಿ, “ಇದು ಕೈಯೋ ಬೆಣ್ಣೆಯೋ?” ಎಂದಳು. ಚಳಿಗಾಲ ಮುಗಿಯುವ ಹೊತ್ತಿಗೆ ಆ ಹುಡುಗಿಯರು ಅವಳಿಗಿಂತ ಬೇಗ ಈರುಳ್ಳಿ ನೆಡುತ್ತಿದ್ದರು, ಅವಳ ಬೈಗುಳಗಳನ್ನೂ ಕಲಿತಿದ್ದರು. ಊರಿನ ಮನೆಗಳಿಗೆ ವಾರವಾರವೂ ತರಕಾರಿ ಬುಟ್ಟಿ ಹೋಗುತ್ತಿತ್ತು. ಶಾಲೆಯ ಮಕ್ಕಳು ಚರ್ಚಿನ ಹೊಲದಲ್ಲಿ ಮೂಲಂಗಿ ಹಾಕಿ, ದಿನವೂ ಕಿತ್ತು ನೋಡಿ ಅದನ್ನು ಬೆಳೆಯಗೊಡುತ್ತಿರಲಿಲ್ಲ. ಪಾಳು ಜಮೀನೆಂದರೆ ಹೀಗಿರುತ್ತದೆ, ನಿರ್ದೇಶಕರೇ.

ಉಳಿದದ್ದು ಕಾಲುವೆ. ಮಾರ್ಚ್ ತಿಂಗಳ ಒಂದು ಶನಿವಾರ ಊರಿಗೆ ಊರೇ ಕುಡುಗೋಲು, ಸಲಿಕೆ ಹಿಡಿದು ಕಂಪನಿಯ ಹೊಲಗಳ ಮುಂದೆ ಕಾಲುವೆಗೆ ಇಳಿಯಿತು. ಜೊಂಡಿನ ಬೇರು ಹಗ್ಗದ ಹಾಗೆ ಹೆಣೆದುಕೊಂಡಿತ್ತು. ಸೊಂಟದವರೆಗೆ ಕೆಸರು. ಹೂಳಿನೊಳಗೆ ಸೈಕಲ್ ಸಿಕ್ಕಿತು, ಒಂದು ಕುರ್ಚಿ ಸಿಕ್ಕಿತು, ತೋನಿಕಾಳ ಅತ್ತೆ ಯಾವತ್ತೋ ಕಳೆದುಕೊಂಡ ಹಿತ್ತಾಳೆ ಬಿಂದಿಗೆಯೂ ಸಿಕ್ಕಿತು. ಬದುವಿನ ಮೇಲೆ ಕಿತ್ತಳೆ ಸೌದೆಯ ಉರಿಯಲ್ಲಿ ಅಗಲ ಬಾಣಲೆಯಿಟ್ಟು, ಮೊಲದ ಮಾಂಸ, ಹುರುಳಿಕಾಯಿ ಹಾಕಿ ಅನ್ನ ಬೇಯಿಸಿದರು. ಊಟದ ಹೊತ್ತಿಗೆ ಸೆಂತೊ ತೂಬು ಎತ್ತಿದ. ನೀರಿನ ತಲೆ ಒಣ ಎಲೆ, ಕಡ್ಡಿ, ಒಂದು ಪ್ಲಾಸ್ಟಿಕ್ ಬಾಟಲಿಯನ್ನು ತಳ್ಳಿಕೊಂಡು ನಿಧಾನವಾಗಿ ಬಂತು. ಜನ ಅನ್ನದ ಚಮಚ ಕೈಯಲ್ಲೇ ಹಿಡಿದು ಅದರ ಪಕ್ಕ ನಡೆದರು. ನಮ್ಮ ಹೊಲದ ಮೂಲೆಯಲ್ಲಿ ಅಣ್ಣ ಊರುಗೋಲು ಊರಿ ಕಾಯುತ್ತಿದ್ದ. ನೀರು ಹತ್ತಿರ ಬಂದಾಗ ಒಂದು ಕೋಲನ್ನು ಅದರೊಳಗೆ ಇಳಿಸಿ ನಿಂತ.

“ನೋಡ್ರೋ, ನಮ್ಮ ಯಜಮಾನ್ರು ಅಳ್ತಿದ್ದಾರೆ!” ಎಂದು ಅತ್ತಿಗೆ ಕೂಗಿದಳು.

“ಅಳ್ತಿಲ್ಲ ಕಣೇ. ಈರುಳ್ಳಿ ಘಾಟು.”

“ಈರುಳ್ಳಿ ಹೆಚ್ಚಿದ್ದು ನಾನು. ನೀನು ಬೆಳಿಗ್ಗೆಯಿಂದ ತಿಂದಿದ್ದೊಂದೇ ಕೆಲಸ.”

ಇದಾದ ಸ್ವಲ್ಪ ದಿನಕ್ಕೆ ತಮ್ಮ ಇಲಾಖೆಯಿಂದ ದಂಡದ ನೋಟಿಸು ಬಂತು. ಪರರ ಆಸ್ತಿಯಲ್ಲಿ ಅಕ್ರಮ ಪ್ರವೇಶ, ಮತ್ತು ಸಹಜ ಸಸ್ಯಸಂಪತ್ತಿನ ನಾಶ! ನಾವು ಕತ್ತರಿಸಿದ ಜೊಂಡು ಸಸ್ಯಸಂಪತ್ತಾಗಿತ್ತು. ಒಂದು ಇಲಾಖೆಗೆ ಹಸಿರಿನ ಮೇಲೆ ಇಷ್ಟು ಮಮತೆಯಿದೆಯೆಂದು ಓದಿ ನನ್ನ ಕಣ್ಣು ತುಂಬಿ ಬಂತು. ಅತ್ತಿಗೆಯೂ ನಾನೂ ಬಸ್ಸು ಹಿಡಿದು ತಮ್ಮ ಕಚೇರಿಗೆ ಬಂದೆವು. ತಾವು ಸಭೆಯಲ್ಲಿದ್ದಿರಿ. ಕೌಂಟರಿನಲ್ಲಿದ್ದ ಹುಡುಗ ಒಳ್ಳೆಯವನೇ. ಕುಡಿಯಲು ನೀರು ಕೊಟ್ಟ, ಕಂಪ್ಯೂಟರಿನಲ್ಲಿ ನಮ್ಮ ಬಯಲಿನ ನಕ್ಷೆ ತೆರೆದ.

“ಇಲ್ಲಿ ಕಾಲುವೆ ತೋರಿಸ್ತಾ ಇಲ್ವಲ್ಲ ಮೇಡಂ.”

“ನಾನು ತೋರಿಸ್ತೀನಿ, ಬಾ. ವಾಪಸ್ ಬಸ್ಸಿಗೆ ನಾನೇ ಹತ್ತಿಸ್ತೀನಿ,” ಎಂದಳು ಅತ್ತಿಗೆ.

“ಹಾಗಲ್ಲ ಮೇಡಂ. ನಕ್ಷೆಯಲ್ಲಿ ಇಲ್ಲದ ಕಾಲುವೆ ಕಟ್ಟಿಕೊಂಡಿದೆ ಅಂತ ದೂರು ತಗೊಳ್ಳೋಕೆ ಬರಲ್ಲ.”

“ನನ್ನ ಗಂಡಾನೂ ನಿನ್ನ ನಕ್ಷೆಯಲ್ಲಿ ಇಲ್ಲ ಕಣಪ್ಪ. ಆದ್ರೂ ಮಧ್ಯಾಹ್ನ ಆದ್ರೆ ಊಟ ಕೇಳ್ತಾನೆ.”

ಹುಡುಗ ನಕ್ಕ, ಆಮೇಲೆ ಹಿಂದೆ ತಿರುಗಿ ನೋಡಿ ನಗು ನಿಲ್ಲಿಸಿದ. ನಾವು ದಂಡ ಕಟ್ಟಿ ಬಂದೆವು.

ಮುಂದಿನ ತಿಂಗಳು ಕಂಪನಿ ಮೊದಲ ಸಲ ಒಂದು ಕೆಲಸ ಮಾಡಿತು. ಎತ್ತರದ ಬೇಲಿ ಹಾಕಿತು. ಬೇಲಿಯೊಳಗೆ ಲಾರಿಗಳು ಬರತೊಡಗಿದವು. ನಗರದಲ್ಲಿ ಕೆಡವಿದ ಕಟ್ಟಡಗಳ ಇಟ್ಟಿಗೆ, ಕಾಂಕ್ರೀಟು, ಒಡೆದ ಟೈಲ್ಸು, ಮುರಿದ ಬಚ್ಚಲುಗಳು. ತಾವು ದಂಡ ಹಾಕಿ ಕಾಪಾಡಿದ ಸಸ್ಯಸಂಪತ್ತಿನ ಮೇಲೆಯೇ ಎಲ್ಲವನ್ನೂ ಸುರಿದರು. ‘ನೆಲ ಸಮತಟ್ಟು ಮಾಡುವ ಕಾಮಗಾರಿ’ ಎಂದು ಅದಕ್ಕೆ ತಮ್ಮ ಅನುಮತಿಯಿತ್ತು. ತಟ್ಟೆಯ ಹಾಗಿರುವ ಬಯಲನ್ನು ಇನ್ನೆಷ್ಟು ಸಮತಟ್ಟು ಮಾಡುತ್ತಾರೆ? ಬೇಸಿಗೆ ಮುಗಿಯುವ ಹೊತ್ತಿಗೆ ಆ ಹೊಲಗಳು ನಮ್ಮ ತಲೆಗಿಂತ ಮೇಲಿದ್ದವು. ಕಾಲುವೆ ಕೆಳಗೆಲ್ಲೋ ಹೂತುಹೋಯಿತು. ಗಾಳಿ ಬೀಸಿದರೆ ನಮ್ಮ ಸೊಪ್ಪಿನ ಮೇಲೆ ಬಿಳಿ ದೂಳು ಕೂರುತ್ತಿತ್ತು, ತೊಳೆದಷ್ಟೂ ಹೋಗುತ್ತಿರಲಿಲ್ಲ. ಸಂತೆಯಲ್ಲಿ ಗಿರಾಕಿಗಳು ಎತ್ತಿ ನೋಡಿ ಕೆಳಗಿಡುತ್ತಿದ್ದರು.

ಸೆಂತೊ ದಿನವೂ ಬೇಲಿಯ ಉದ್ದಕ್ಕೆ ನಡೆದು ಬರುತ್ತಿದ್ದ. ಹಂಚಲು ನೀರಿರಲಿಲ್ಲ, ಆದರೂ ನಡೆಯುತ್ತಿದ್ದ. ಒಂದು ದಿನ ನನ್ನ ಹತ್ತಿರ ನಿಂತು, “ರೆಮೆಯಮ್ಮ, ನೀರು ಬರೋದರ ಬಗ್ಗೆ ಎಲ್ಲಾರೂ ಮಾತಾಡ್ತೀರ. ಹೋಗೋದರ ಬಗ್ಗೆ ಯೋಚನೆ ಮಾಡಿದ್ದೀರಾ?” ಎಂದ. ಮಳೆಗಾಲದಲ್ಲಿ ಮೇಲಿನ ಹಳ್ಳದ ನೀರು ಇದೇ ಬಯಲಿನ ಮೇಲೆ ಹರಡಿ, ಇದೇ ಕಾಲುವೆಗೆ ಇಳಿದು ಸಮುದ್ರದ ಕಡೆ ಹೋಗಬೇಕು. ಆ ಸಂಗತಿಯನ್ನು ಕೂಟದ ಪರವಾಗಿ ತಮಗೆ ಬರೆದೆವು. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ಪರಿಶೀಲನೆ ಮುಗಿಯುವವರೆಗೆ ಮೋಡ ಕಾಯುವುದಿಲ್ಲ ಎಂದು ಮತ್ತೆ ಬರೆಯಬೇಕಿತ್ತೇನೋ.

ಹೋದ ಅಕ್ಟೋಬರಿನ ಒಂದು ಮಧ್ಯಾಹ್ನ. ನಾನು ಈರುಳ್ಳಿಯ ಖಾಲಿ ಬುಟ್ಟಿ ಹಿಂತಿರುಗಿಸಲು ಅಣ್ಣನ ಮನೆಗೆ ಹೋಗಿದ್ದೆ. ಬೆಟ್ಟದ ಕಡೆ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ನಮ್ಮ ಮೇಲೆ ಹನಿಯಷ್ಟೇ ಬೀಳುತ್ತಿತ್ತು. ಅಣ್ಣ ಮೇಜಿನ ಮುಂದೆ ಕೂತು ಅವರೆ ಬಿತ್ತನೆ ಆರಿಸುತ್ತಿದ್ದ. ಅತ್ತಿಗೆ ಕಾಫಿಗಿಟ್ಟಿದ್ದಳು. ಹೊರಗೆ ಕೋಳಿಗಳು ಒಂದೇ ಸಮ ಕೂಗಿ, ಥಟ್ಟನೆ ನಿಂತವು. “ಏನಾಯ್ತು ಇವಕ್ಕೆ?” ಎಂದು ಅತ್ತಿಗೆ ಕಿಟಕಿಗೆ ಹೋದಳು. ಕಾಲುವೆಯ ಕಡೆ ಏನೂ ಇರಲಿಲ್ಲ. ನೀರು ಯಾವತ್ತೂ ಆ ಕಡೆಯಿಂದ ಬರುವುದು. ಈ ಸಲ ಅದು ಬೆನ್ನ ಹಿಂದಿನಿಂದ ಬಂತು, ದಿಬ್ಬಕ್ಕೆ ಬಡಿದು ತಿರುಗಿ, ಹಿತ್ತಿಲ ಬಾಗಿಲ ಕೆಳಗಿನಿಂದ, ಕಂದುಬಣ್ಣದ ನಾಲಿಗೆಯ ಹಾಗೆ. ನಾನು ಬಾಗಿಲ ಕಡೆ ಓಡಿದೆ.

“ತೆಗೀಬೇಡ!” ಎಂದು ಅಣ್ಣ ಕಿರುಚಿದ. “ತೆಗೀಬೇಡ ರೆಮೆಯ್!”

ತೆಗೆಯದಿದ್ದರೂ ಬಾಗಿಲು ಉಳಿಯಲಿಲ್ಲ. ನೀರು ಮೊಣಕಾಲಿಗೆ ಬಂತು, ಆಮೇಲೆ ತೊಡೆಗೆ. ಅದರೊಳಗೆ ಇಟ್ಟಿಗೆ ಚೂರುಗಳಿದ್ದವು, ಕಾಲಿಗೆ ಬಡಿಯುತ್ತಿದ್ದವು. ಈರುಳ್ಳಿ ತೂಗುಹಾಕುವ ಅಟ್ಟಕ್ಕೆ ಹೋಗಲು ಕಡಿದಾದ ಮರದ ಮೆಟ್ಟಿಲು. ಅಣ್ಣನ ಕಂಕುಳಿಗೆ ಅತ್ತಿಗೆ ಕೈಹಾಕಿದಳು, ನಾನು ಕಾಲು ಹಿಡಿದೆ.

“ನನ್ನ ಬಿಟ್ಟು ನೀವಿಬ್ರೂ ಹತ್ತಿ. ನಾನು ಮೇಜಿನ ಮೇಲೆ ಇರ್ತೀನಿ.”

“ಬಾಯಿ ಮುಚ್ಕೊಂಡು ಕೈ ಕೊಡು. ಮೇಜು ತೇಲ್ತಿದೆ, ನೋಡು!” ಎಂದಳು ಅತ್ತಿಗೆ.

ಅವನನ್ನು ಹೇಗೆ ಹತ್ತಿಸಿದೆವೋ ನನಗೆ ಈಗಲೂ ತಿಳಿಯದು. ಅಟ್ಟದ ಹಲಗೆಗಳ ಮೇಲೆ ಮೂವರೂ ಮಲಗಿಕೊಂಡೆವು. ಕೆಳಗೆ ಮೇಜು, ಕುರ್ಚಿ, ಬೀರು ಒಂದಕ್ಕೊಂದು ಬಡಿದುಕೊಳ್ಳುವ ಸದ್ದು. ಯಾರೋ ಅಪರಿಚಿತರು ಮನೆಯೊಳಗೆ ನುಗ್ಗಿ ಏನನ್ನೋ ಹುಡುಕುತ್ತಿದ್ದಾರೆ ಎನ್ನಿಸುತ್ತಿತ್ತು. ಬಹಳ ಹೊತ್ತಿನ ಮೇಲೆ ಅಣ್ಣ ಮೆಲ್ಲಗೆ ಕೇಳಿದ:

“ಕೊನ್ಸೋಲ್, ಇವಳು ಬರದೇ ಇದ್ದಿದ್ರೆ?”

ಅತ್ತಿಗೆ ಅವನ ಅಂಗಿಯ ತೋಳು ಹಿಡಿದುಕೊಂಡಳು, ನೀರು ಇಳಿಯುವವರೆಗೂ ಬಿಡಲಿಲ್ಲ.

ನೀರು ಇಳಿದ ಮೇಲೆ ಹೊಲ ಇರಲಿಲ್ಲ. ಕೊಯ್ಲಿಗೆ ಬಂದಿದ್ದ ಚುಫಾದ ಮೇಲೆ ಮೊಣಕೈ ಆಳ ಟೈಲ್ಸು, ಜಲ್ಲಿ. ಕೋಳಿಗಳು ಬೇಲಿಯ ತಂತಿಯಲ್ಲಿ ಸಿಕ್ಕಿಕೊಂಡಿದ್ದವು. ಯಾರೂ ಸಾಯಲಿಲ್ಲವಾದ್ದರಿಂದ ತಮ್ಮ ಇಲಾಖೆಯ ಪ್ರಕಾರ ಏನೂ ಆಗಲಿಲ್ಲ. ಪರಿಶೀಲನೆಗೆ ಬಂದ ಅಧಿಕಾರಿ ದಿಬ್ಬದ ಮೇಲೆ ನಿಂತು ಫೋಟೊ ತೆಗೆದುಕೊಂಡರು, ಕೆಳಗೆ ಇಳಿಯಲಿಲ್ಲ. ಬೂಟು ಹಾಳಾಗುತ್ತಿತ್ತು, ನಾನು ಒಪ್ಪುತ್ತೇನೆ.

ಕೂಟದವರು ವಾರಗಟ್ಟಲೆ ಆ ಮನೆಯನ್ನು ತೊಳೆದರು. ಆ ಇಬ್ಬರು ಹುಡುಗಿಯರು ಹೊಲದ ಜಲ್ಲಿಯನ್ನು ಕೈಯಿಂದಲೇ ಹೆಕ್ಕತೊಡಗಿದರು. ಅತ್ತಿಗೆ ಎಲ್ಲರಿಗೂ ಊಟ ಮಾಡಿ ಹಾಕುತ್ತಿದ್ದಳು, ಆದರೆ ಬೈಯುತ್ತಿರಲಿಲ್ಲ. ಅದನ್ನು ನೋಡಿ ನನಗೆ ಭಯವಾಯಿತು. ಕ್ರಿಸ್‌ಮಸ್ ಕಳೆದ ಮೇಲೆ ಒಂದು ದಿನ ತೋನಿಕಾಳ ಬೇಕರಿಯ ಹಿತ್ತಿಲಿಗೆ ಅತ್ತಿಗೆ ನನ್ನನ್ನು ಕರೆದಳು.

“ಮಾರ್ಬಿಟ್ಟೆ ರೆಮೆಯ್.”

ನಾನು ಅಲ್ಲಿದ್ದ ಹಿಟ್ಟಿನ ಮೂಟೆಯ ಮೇಲೆ ಕೂತೆ.

“ಬೈಯೋದಾದ್ರೆ ಬೈದುಬಿಡು. ಕೂಟದೋರಿಗೆ ಮೊದಲು ಹೇಳ್ಬೇಕು ಅಂತ ಕಟ್ಟಳೆ ಮಾಡಿದ್ದು ನಾನೇ. ಹೇಳೋಕೆ ಮುಖ ಇರ್ಲಿಲ್ಲ.”

“ಬೈಯಲ್ಲ ಅತ್ತಿಗೆ.”

“ಅವತ್ತು ನೀನು ಬುಟ್ಟಿ ಕೊಡೋಕೆ ಬಂದೆ. ನಾಳೆ ಕೊಟ್ರಾಯ್ತು ಅಂತ ನೀನು ಅಂದ್ಕೊಂಡಿದ್ರೆ? ನಂಗೆ ಒಬ್ಳಿಗೇ ಅವನನ್ನ ಎತ್ತೋಕಾಗಲ್ಲ. ಎತ್ತಿ ನೋಡ್ದೆ ಕಣೆ. ಮೊನ್ನೆ ಅವನು ಮಲಗಿದ್ದಾಗ ಎತ್ತಿ ನೋಡ್ದೆ. ಆಗ್ಲಿಲ್ಲ.”

ನಾನು ಕೇಳಿದೆ: “ಮಿಠಾಯಿ ಸಾಹೇಬ ಏನಂದ?”

“ಏನೂ ಅನ್ಲಿಲ್ಲ. ಪೊಟ್ಟಣ ತಂದಿದ್ದ. ನೆಲೊ ತಿಂದ.”

ಈಗ ಅವರು ಪಕ್ಕದ ಪಟ್ಟಣದಲ್ಲಿ ಲಿಫ್ಟ್ ಇರುವ ಕಟ್ಟಡದಲ್ಲಿದ್ದಾರೆ. ಅತ್ತಿಗೆ ಅಂಗಡಿಯಲ್ಲಿ ಕೋಸು ಕೊಳ್ಳುತ್ತಾಳೆ. ಯಾವ ಊರಿನದೆಂದು ಕೇಳುವುದಿಲ್ಲವಂತೆ. ಅವಳು ಸೋತಳೆಂದು ನಾನು ಹೇಳುವುದಿಲ್ಲ. ಗಂಡನ ಜೀವವನ್ನೂ ಹೊಲವನ್ನೂ ತಕ್ಕಡಿಯ ಎರಡು ಕಡೆ ಇಟ್ಟು ಆರಿಸಿಕೋ ಎಂದವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ. ತಮ್ಮ ಘೋಷಣೆಯ ‘ಸ್ವಇಚ್ಛೆ’ಯ ಪಟ್ಟಿಯಲ್ಲಿ ಅವಳ ಹೆಸರೂ ಸೇರಿದೆ. ಅದನ್ನು ನೋಡಿದ ದಿನವೇ ಈ ಪತ್ರ ಬರೆಯಲು ಕೂತೆ.

ಮಾನ್ಯರೇ, ಈ ಬೇಸಿಗೆಯಲ್ಲಿ ಲಾರಿಗಳು ಅತ್ತಿಗೆಯ ಹೊಲವನ್ನೂ ತುಂಬಿದವು. ಮನೆಯನ್ನು ಕೆಡವಿ ಅದರ ಇಟ್ಟಿಗೆಯನ್ನು ಅಲ್ಲಿಯೇ ಹರಡಿದರು. ದಿಬ್ಬದ ಅಂಚು ಈಗ ನನ್ನ ಬದುವಿಗೆ ತಾಗಿ ಗೋಡೆಯ ಹಾಗೆ ನಿಂತಿದೆ. ಸಂಜೆಗೆ ಮೊದಲೇ ನನ್ನ ಸಸಿಗಳ ಮೇಲೆ ಅದರ ನೆರಳು ಬೀಳುತ್ತದೆ. ಹೋದ ವರ್ಷ ತಿರುಗಿದ ನೀರಿಗೆ ಅತ್ತಿಗೆಯ ಮನೆಯ ಕಡೆ ಹರಡಲು ಸ್ವಲ್ಪವಾದರೂ ಜಾಗವಿತ್ತು. ಈಗ ಅದೂ ಇಲ್ಲ. ಮೊನ್ನೆ ಸೆಂತೊನನ್ನು ಕರೆದುಕೊಂಡು ದಿಬ್ಬದ ಸುತ್ತ ನಡೆದೆ. ಅವನು ಅಲ್ಲಲ್ಲಿ ನಿಂತು ನೆಲದ ವಾಟ ನೋಡುತ್ತಾ, ಕೊನೆಗೆ ಊರಿನ ಓಣಿಯ ಬಾಯಲ್ಲಿ ನಿಂತ.

“ಇಲ್ಲಿಗೇ ಬರುತ್ತೆ,” ಎಂದ.

“ಓಣಿಗಾ?”

“ಓಣಿ ತುಂಬಿ ಕೆಳಗೆ. ಕೆಳಗೆ ಏನಿದೆ ನೋಡಮ್ಮ.”

ಕೆಳಗೆ ಶಾಲೆಯಿದೆ. ಅದರ ನೆಲಮಹಡಿಯಲ್ಲಿ ಶಿಶುವಿಹಾರ. ಕಿಟಕಿಗೆ ಕಾಗದದ ಮೀನುಗಳನ್ನು ಅಂಟಿಸಿದ್ದಾರೆ.

“ನಾನಾಗಿದ್ರೆ ಅಲ್ಲಿ ನನ್ನ ಕತ್ತೆಯನ್ನೂ ಕಟ್ತಿರ್ಲಿಲ್ಲ,” ಎಂದು ಸೆಂತೊ ಹೇಳಿ, ಟೋಪಿ ಹಾಕಿಕೊಂಡು ಹೊರಟುಹೋದ.

ಈ ಮಾತನ್ನು ನಾನು ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಹೇಳಿದೆ. ಆಕೆ ತಮ್ಮ ಇಲಾಖೆಯ ಹಾಗೆ ಪರಿಶೀಲನೆಗೆ ಇಟ್ಟುಕೊಳ್ಳಲಿಲ್ಲ. ಮರುದಿನವೇ ತಂದೆತಾಯಂದಿರು ಬಂದು ಪುಟ್ಟ ಮೇಜು, ಪುಟ್ಟ ಕುರ್ಚಿಗಳನ್ನೆಲ್ಲ ಮಹಡಿಗೆ ಸಾಗಿಸಿದರು. ಮೇಲೆ ಎಲ್ಲರಿಗೂ ಜಾಗ ಸಾಲದು, ಆದ್ದರಿಂದ ಬಿಸಿಲಿರುವ ದಿನ ಚಿಕ್ಕವರು ಕೆಳಗೆ, ಬೆಟ್ಟದ ಮೇಲೆ ಮೋಡ ಕಂಡ ದಿನ ಮೇಲೆ. ಗಂಟೆ ಬಾರಿಸಿದ ಕೂಡಲೇ ಒಬ್ಬರ ಅಂಗಿ ಒಬ್ಬರು ಹಿಡಿದು ಮೆಟ್ಟಿಲು ಹತ್ತುವುದನ್ನು ಅವರಿಗೆ ಕಲಿಸಿದ್ದಾರೆ. ಮಕ್ಕಳು ಅದನ್ನು ರೈಲಿನ ಆಟ ಎಂದುಕೊಂಡಿದ್ದಾರೆ. ಶಿಳ್ಳೆ ಹಾಕುತ್ತಾ ಹತ್ತುತ್ತಾರೆ. ತಾಯಂದಿರು ಗೇಟಿನ ಹೊರಗೆ ನಿಂತು ನೋಡುತ್ತಾರೆ, ಅವರು ಯಾರೂ ನಗುವುದಿಲ್ಲ.

ಕೂಟ ಇನ್ನೂ ಇದೆ. ನನ್ನ ಹೊಲ, ತೋನಿಕಾಳದ್ದು, ಚರ್ಚಿನದು, ಆ ಹುಡುಗಿಯರು ಉಳುತ್ತಿರುವುದು, ಇಷ್ಟು ಹಸಿರು ಉಳಿದಿದೆ. ಹೋದ ಶನಿವಾರ ಬೇಲಿಯವರೆಗಿನ ಕಾಲುವೆಯ ಹೂಳೆತ್ತಿದೆವು. ಬೇಲಿಯಿಂದಾಚೆ ಎತ್ತಲು ಕಾಲುವೆಯೇ ಇಲ್ಲ. ಮಿಠಾಯಿ ಸಾಹೇಬ ಈಗ ನನ್ನ ಬಾಗಿಲಿಗೆ ಬರುತ್ತಿದ್ದಾನೆ. ಎಂದಿನ ಹಾಗೆ ಸಭ್ಯವಾಗಿಯೇ ಇದ್ದಾನೆ. ಈ ಸಲ ಅವನು ಆಕಾಶ ನೋಡಿ, “ಈ ವರ್ಷ ಮಳೆ ಜಾಸ್ತಿ ಅಂತಿದ್ದಾರೆ ಅಮ್ಮ, ಹುಷಾರು,” ಎಂದ. ನಿಜವಾದ ಕಾಳಜಿಯಿಂದ ಹೇಳಿದನೋ ಏನೋ. ನಾನೂ ಬೆಟ್ಟದ ಕಡೆ ನೋಡಿದೆ.

ನಾನು ಕೇಳುವುದು ಇಷ್ಟು. ಲಾರಿಗಳನ್ನು ಇಂದೇ ನಿಲ್ಲಿಸಿ. ಹಳೆಯ ಕಾಲುವೆಯ ಜಾಡಿನಲ್ಲಿ ದಿಬ್ಬವನ್ನು ಸೀಳಿ, ನೀರಿಗೆ ಅದರ ದಾರಿ ಬಿಡಿಸಿ. ಸೆಂತೊ ಮುಂದೆ ನಿಂತು ತೋರಿಸುತ್ತಾನೆ, ಅಗೆಯಲು ನಾವಿದ್ದೇವೆ, ಬೇಕಿದ್ದರೆ ದಂಡವನ್ನು ಮುಂಗಡವಾಗಿ ಕಟ್ಟುತ್ತೇವೆ. ಬಯಲು ಪಾಳೆಂಬ ಘೋಷಣೆಯನ್ನು ಹಿಂದಕ್ಕೆ ಪಡೆದು, ಉಳಿದಿರುವ ಹೊಲಗಳು ಹೊಲಗಳಾಗಿಯೇ ಇರಲು ಬಿಡಿ. ಇದಾವುದೂ ತಮ್ಮಿಂದ ಆಗದಿದ್ದರೆ, ಕಡೆಯ ಪಕ್ಷ ಮೊದಲ ಮೋಡ ಕಂಡ ದಿನ ತಾವೇ ಬಂದು ಶಿಶುವಿಹಾರದ ನೆಲಮಹಡಿಯಲ್ಲಿ ಒಂದು ಪುಟ್ಟ ಕುರ್ಚಿಯ ಮೇಲೆ ಕೂತುಕೊಳ್ಳಿ. ಕುರ್ಚಿ ನಾವು ಕೆಳಗಿಳಿಸಿ ಕೊಡುತ್ತೇವೆ.

ಇಷ್ಟೆಲ್ಲವನ್ನೂ ಲಕೋಟೆಯಲ್ಲಿಟ್ಟು ತಮ್ಮ ವಿಳಾಸಕ್ಕೆ ಕಳುಹಿಸಬಹುದಿತ್ತು. ಹಿಂದೆ ಹಾಗೇ ಮಾಡಿದ್ದೆವು. ಈ ಸಲ ಪತ್ರಿಕೆಗೆ ಕೊಟ್ಟಿದ್ದೇನೆ, ಚರ್ಚಿನ ಬಾಗಿಲಿಗೂ ಬೇಕರಿಯ ಗಾಜಿಗೂ ಅಂಟಿಸಿದ್ದೇನೆ. ಏನಾದರೂ ಆದ ಮರುದಿನ ಅಧಿಕಾರದಲ್ಲಿರುವವರು ಟಿವಿಯ ಮುಂದೆ ನಿಂತು ಹೇಳುವ ಒಂದು ಮಾತಿದೆ: ‘ನಮಗೆ ಮೊದಲೇ ತಿಳಿದಿರಲಿಲ್ಲ.’ ಆ ಮಾತನ್ನು ತಮ್ಮಿಂದ ಕಿತ್ತುಕೊಳ್ಳಬೇಕೆಂದೇ ಇದನ್ನು ಎಲ್ಲರೆದುರು ಬರೆದಿದ್ದೇನೆ. ಈಗ ತಮಗೆ ತಿಳಿದಿದೆ. ತಮಗೆ ತಿಳಿದಿದೆ ಎಂಬುದು ಊರಿಗೂ ತಿಳಿದಿದೆ.

ಇಂತಿ,
ಬೆಳಿಗ್ಗೆ ಎದ್ದ ಕೂಡಲೇ ಬೆಟ್ಟದ ಕಡೆ ನೋಡಿ, ಆಮೇಲೆ ಮುಖ ತೊಳೆಯುವ ಅಭ್ಯಾಸ ಮಾಡಿಕೊಂಡಿರುವ,
ರೆಮೆಯ್ ಫೆರಾಂದಿಸ್
ಬೆನಿಮೋರ